ಆ ಮಾತು ಹೇಳಿದ್ದು ನೋಡಲು ಬಂದವರಿಗೆ

ಪ್ರಶ್ನೆ: ನಾವು ಹುಬ್ಬಳ್ಳಿಯವರು. ಮೂರು ತಲೆಮಾರಿನಿಂದ ಚರ್ಚಿಗೆ ಹೋಗುವ ಮನೆತನ. ಮಗಳಿಗೆ 27 ವರ್ಷ, ಸ್ಟಾಫ್ ನರ್ಸ್ ಆಗಿದ್ದಾಳೆ. ಬಣ್ಣ ಕಪ್ಪು. ಎರಡು ವರ್ಷದಲ್ಲಿ ನಾಲ್ಕು ಕಡೆಯವರು ಬಂದು ನೋಡಿ ಹೋದರು. ಎಲ್ಲರೂ ನಮ್ಮ ಸಭೆಗಳವರೇ, ದಿನಾ ಬೈಬಲ್ ಓದುವವರೇ. ನೇರವಾಗಿ ಯಾರೂ ಏನೂ ಹೇಳಲಿಲ್ಲ. "ಹುಡುಗನಿಗೆ ಇನ್ನೂ ಸ್ವಲ್ಪ ಬೆಳ್ಳಗಿದ್ರೆ ಚೆನ್ನಾಗಿತ್ತು ಅಂತ" ಎಂದು ಮಧ್ಯಸ್ಥರ ಕೈಯಲ್ಲಿ ಹೇಳಿ ಕಳಿಸಿದರು. ಹೋದ ತಿಂಗಳು ನಾನೇ ಸ್ಟುಡಿಯೋದಲ್ಲಿ ಅವಳ ಫೋಟೊ ಸ್ವಲ್ಪ ಬೆಳ್ಳಗೆ ಮಾಡಿಸಿದೆ. ಅವಳು ಅಳುತ್ತಿದ್ದಾಗ, "ಮನುಷ್ಯರು ಹೊರಗಿನದನ್ನು ನೋಡ್ತಾರೆ, ದೇವರು ಹೃದಯ ನೋಡ್ತಾನೆ" ಎಂಬ ವಾಕ್ಯ ಹೇಳಿ ಸಮಾಧಾನ ಮಾಡಲು ಹೋದೆ. "ಅಂದ್ರೆ ಹೊರಗೆ ನಾನು ಚೆನ್ನಾಗಿಲ್ಲ ಅಂತ ನೀನೂ ಒಪ್ಪಿದೆ, ಅಲ್ವಾ ಅಮ್ಮ?" ಎಂದಳು. ಈಗ ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾಳೆ. ಅಲ್ಲಿ ಯಾರೂ ಬಂಗಾರ ಹಾಕುವುದಿಲ್ಲ. ಕಿವಿಯೋಲೆ ತೆಗೆದಿಟ್ಟಿದ್ದಾಳೆ. ನನ್ನ ಬಳೆಯನ್ನೂ ತೆಗೆ ಅನ್ನುತ್ತಾಳೆ. ಒಳಗಿನ ಗುಣ ಮುಖ್ಯ ಅನ್ನುವುದು ನಿಜ ತಾನೇ? ಮತ್ತೆ ನಾನು ಎಲ್ಲಿ ತಪ್ಪಿದೆ?

ಉತ್ತರ: ಸಹೋದರಿ, ನಿಮ್ಮ ಮಗಳು ಕೇಳಿದ್ದು ಸರಿಯಾದ ಪ್ರಶ್ನೆ. ಕೋಪದಲ್ಲಿ ಆಡಿದ ಮಾತು ಎಂದು ಅದನ್ನು ಬಿಟ್ಟುಬಿಡಬೇಡಿ. ನಾನು ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಹಳೆ ಒಡಂಬಡಿಕೆ ಪಾಠ ಮಾಡಿದವನು. ನೀವು ಹೇಳಿದ ಆ ವಾಕ್ಯದ ಮೇಲೆ ಎಷ್ಟು ಪ್ರಸಂಗ ಮಾಡಿದ್ದೇನೋ ಲೆಕ್ಕವಿಲ್ಲ. ಕೆಳಗೆ ಕೂತ ಹುಡುಗಿಯರ ಕಿವಿಗೆ ಅದು ಹೇಗೆ ಬೀಳುತ್ತದೆ ಎಂದು ನನಗೆ ಹೊಳೆದದ್ದು ತೀರ ತಡವಾಗಿ. "ನೋಡೋಕೆ ನೀನು ಅಷ್ಟಕ್ಕಷ್ಟೇ, ಹೋಗಲಿ ಬಿಡು, ಗುಣ ಚೆನ್ನಾಗಿದೆ" ಎಂದು ಕೇಳಿಸುತ್ತದೆ. ಸೋತವರಿಗೆ ಕೊಡುವ ಸಮಾಧಾನಕರ ಬಹುಮಾನದ ಹಾಗೆ.

ಆದರೆ ಆ ಮಾತು ಬೈಬಲಿನಲ್ಲಿ ಯಾರಿಗೆ ಹೇಳಿದ್ದು ಎಂದು ಒಮ್ಮೆ ನೋಡಿ. ಸಮುವೇಲನ ಮೊದಲನೆಯ ಪುಸ್ತಕ, 16ನೇ ಅಧ್ಯಾಯ. ಸಮುವೇಲ ಮುದುಕ, ದೊಡ್ಡ ಪ್ರವಾದಿ. ಹೊಸ ಅರಸನನ್ನು ಅಭಿಷೇಕ ಮಾಡಲು ಎಣ್ಣೆಯ ಕೊಂಬು ಹಿಡಿದುಕೊಂಡು ಬೇತ್ಲೆಹೇಮಿಗೆ ಬಂದಿದ್ದಾನೆ. ಆ ಊರಿನ ಇಷಯನ ಹಿರಿಯ ಮಗ ಎಲೀಯಾಬ ಎದುರಿಗೆ ಬಂದ ಕೂಡಲೇ ಇವನೇ ಇರಬೇಕು ಅಂದುಕೊಳ್ಳುತ್ತಾನೆ. ಆಗ ದೇವರು ಹೇಳುವುದು: ಅವನ ರೂಪ ನೋಡಬೇಡ, ಎತ್ತರ ನೋಡಬೇಡ, ನಾನು ನೋಡುವ ರೀತಿಯೇ ಬೇರೆ.

ಎತ್ತರದ ಮಾತು ಸುಮ್ನೆ ಬಂದಿಲ್ಲ. ಹಿಂದಿನ ಅರಸ ಸೌಲ ಊರಿನ ಎಲ್ಲರಿಗಿಂತ ಒಂದು ತಲೆ ಎತ್ತರ, ನೋಡಲು ಸುಂದರ. ಅವನನ್ನು ಜನರ ಮುಂದೆ ನಿಲ್ಲಿಸಿ, ಇವನಂಥವನು ಇನ್ನೊಬ್ಬನಿಲ್ಲ ನೋಡಿ ಎಂದಿದ್ದವನು ಇದೇ ಸಮುವೇಲ. ಆ ಎತ್ತರದ ಅರಸ ದೇವರ ಮಾತು ಮೀರಿ ಏನಾದ ಎಂದು ಅವನಿಗೆ ಗೊತ್ತು. ಅದಕ್ಕಾಗಿ ಅತ್ತೂ ಇದ್ದಾನೆ. ಆದರೂ ಎರಡನೇ ಸಲ ಅದೇ ತಪ್ಪು ಮಾಡಲು ಹೊರಟಿದ್ದಾನೆ. ಪ್ರವಾದಿಯ ಕಣ್ಣೂ ನಮ್ಮ ಕಣ್ಣಿನಂಥದ್ದೇ.

ಹಾಗಾದರೆ ಇದು ನೋಡಿಸಿಕೊಂಡವರಿಗೆ ಹೇಳಿದ ಸಮಾಧಾನ ಅಲ್ಲ. ನೋಡಲು ಬಂದವರಿಗೆ ಬಿದ್ದ ಏಟು. ನೀವು ಈ ವಾಕ್ಯವನ್ನು ಹೇಳಿದ್ದು ತಪ್ಪಲ್ಲ, ಹೇಳಿದ ವಿಳಾಸ ತಪ್ಪಾಯಿತು. ನಿಮ್ಮ ಮನೆಗೆ ಬಂದು ಚಹಾ, ಅವಲಕ್ಕಿ ಮುಗಿಸಿ ಹೋದ ಆ ನಾಲ್ಕು ಕುಟುಂಬಗಳಿಗೆ ಹೇಳಬೇಕಾದ ಮಾತನ್ನು ಒಳಗೆ ಅಳುತ್ತಾ ಕೂತ ಹುಡುಗಿಗೆ ಹೇಳಿದಿರಿ.

ಇನ್ನೂ ಒಂದು ಇದೆ. 'ಹೃದಯ' ಎಂದು ನಾವು ಓದುವ ಹೀಬ್ರೂ ಪದ 'ಲೇವಾವ್'. ನಮಗೆ ಹೃದಯ ಅಂದರೆ ಮೃದು ಭಾವನೆ, ಪ್ರೀತಿ, ಕರುಣೆ. ಹೀಬ್ರೂ ಜನರಿಗೆ ಯೋಚನೆ, ತೀರ್ಮಾನ, ಹಟ ಎಲ್ಲವೂ ಹುಟ್ಟುವ ಜಾಗ ಅದು. ಕನ್ನಡದಲ್ಲಿ 'ಮನಸ್ಸು ಮಾಡಿದೆ' ಅನ್ನುತ್ತೇವಲ್ಲ, ಆ ಮನಸ್ಸು. ಆದ್ದರಿಂದ ಒಳಗಿನ ಗುಣ ಅಂದರೆ ತಲೆ ತಗ್ಗಿಸಿ ಸುಮ್ಮನಿರುವ ಗುಣ ಎಂದು ತಿಳಿಯಬೇಕಿಲ್ಲ. ಒಬ್ಬ ಮನುಷ್ಯ ಏನು ಮಾಡಲು ಮನಸ್ಸು ಮಾಡುತ್ತಾನೆ, ಯಾವುದಕ್ಕೆ ಗಟ್ಟಿಯಾಗಿ ನಿಲ್ಲುತ್ತಾನೆ, ಅದನ್ನು ದೇವರು ನೋಡುತ್ತಾನೆ. ಎಲೀಯಾಬನ ಮನಸ್ಸು ಎಂಥದ್ದು ಎಂದು ಮುಂದಿನ ಅಧ್ಯಾಯದಲ್ಲೇ ಗೊತ್ತಾಗುತ್ತದೆ. ಯುದ್ಧಭೂಮಿಗೆ ಬುತ್ತಿ ತಂದ ತಮ್ಮ ದಾವೀದನ ಮೇಲೆ ಎಲ್ಲರೆದುರಿಗೆ ಹರಿಹಾಯುತ್ತಾನೆ.

ಹೀಗೆಂದ ಮಾತ್ರಕ್ಕೆ ಬೈಬಲಿಗೆ ಚೆಲುವಿನ ಮೇಲೆ ಹಗೆ ಇದೆ ಎಂದುಕೊಳ್ಳಬೇಡಿ. ಹೊರಗಿನದನ್ನು ನೋಡಬೇಡ ಎಂದ ಐದೇ ವಚನಗಳ ನಂತರ, ದೇವರು ಅರಸನಾಗಿ ಆರಿಸಿದ ದಾವೀದ ಬರುತ್ತಾನೆ. ಬರೆದವನು ಏನು ಹೇಳುತ್ತಾನೆ ಗೊತ್ತಾ? ಕೆಂಬಣ್ಣದ ಹುಡುಗ, ಕಣ್ಣು ಚೆಂದ, ನೋಡಲು ಲಕ್ಷಣವಾಗಿದ್ದ! ಪಾಠ ಮಾಡುವಾಗ ಇಲ್ಲಿಗೆ ಬಂದರೆ ವಿದ್ಯಾರ್ಥಿಗಳು ನಗುತ್ತಿದ್ದರು. ಚೆಲುವು ಇದ್ದರೆ ಇರಲಿ, ಸಂತೋಷ. ಅದನ್ನು ಅಳತೆಗೋಲು ಮಾಡಿಕೊಂಡಾಗ ಕೆಡುತ್ತದೆ. ಅದೇ ದಾವೀದನ ಮಗ ಅಬ್ಷಾಲೋಮನ ಚೆಲುವನ್ನು ಇಸ್ರಾಯೇಲೆಲ್ಲ ಹೊಗಳುತ್ತಿತ್ತು. ಅವನ ತಲೆಗೂದಲನ್ನು ಕತ್ತರಿಸಿ ತೂಗಿದರೆ 200 ಶೆಕೆಲ್. ಶೆಕೆಲಿಗೆ ಸುಮಾರು 11 ಗ್ರಾಂ ಹಿಡಿದರೂ ಎರಡು ಕಿಲೋಗಿಂತ ಜಾಸ್ತಿ. ಕೂದಲು ತೂಗುವಷ್ಟು ಪುರುಸೊತ್ತಿದ್ದ ಆ ರಾಜಕುಮಾರ ಅಪ್ಪನ ಮೇಲೇ ದಂಗೆ ಎದ್ದ. ಕೊನೆಗೆ ಮರದ ಕೊಂಬೆಗಳಲ್ಲಿ ತಲೆ ಸಿಕ್ಕಿಹಾಕಿಕೊಂಡು ನೇತಾಡುತ್ತಿದ್ದಾಗ ಅಪ್ಪನ ಸೇನಾಪತಿಯ ಕೈಯಲ್ಲಿ ಸತ್ತ.

ಈಗ ನಿಮ್ಮ ಮನೆಯ ವಿಷಯಕ್ಕೆ ತೀರ ಹತ್ತಿರದ ಒಂದು ಕಥೆ. ಬೈಬಲಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ಇದೆ. ಆದಿಕಾಂಡ 24ನೇ ಅಧ್ಯಾಯ. ಅಬ್ರಹಾಮನ ಸೇವಕ ಇಸಾಕನಿಗೆ ಹೆಣ್ಣು ಹುಡುಕಿಕೊಂಡು ಹತ್ತು ಒಂಟೆಗಳ ಜೊತೆ ದೂರದ ಊರಿಗೆ ಹೋಗುತ್ತಾನೆ. ಯಾರ ಮನೆಯ ಚಾವಡಿಯಲ್ಲೂ ಕೂರುವುದಿಲ್ಲ. ಸಂಜೆ ಹೊತ್ತು ನೀರಿನ ಬಾವಿಯ ಹತ್ತಿರ ನಿಲ್ಲುತ್ತಾನೆ. ಅವನು ಕೇಳಿಕೊಳ್ಳುವ ಗುರುತು ಬಣ್ಣದ್ದಲ್ಲ, ಎತ್ತರದ್ದಲ್ಲ. ನನಗೆ ನೀರು ಕೊಟ್ಟು, ಒಂಟೆಗಳಿಗೂ ತಂದು ಹಾಕುತ್ತೇನೆ ಎಂದು ತಾನಾಗಿ ಹೇಳುವ ಹುಡುಗಿ ಯಾರೋ ಅವಳೇ.

ಇದು ಸಣ್ಣ ಪರೀಕ್ಷೆ ಅಲ್ಲ. ಬಾಯಾರಿದ ಒಂಟೆ ಒಂದೇ ಸಲಕ್ಕೆ 100 ಲೀಟರಿನಷ್ಟು ಕುಡಿಯಬಲ್ಲದು. ಹತ್ತು ಒಂಟೆ ಇವೆ. ರೆಬೆಕ್ಕ ಕೊಡ ಹೊತ್ತು ಬುಗ್ಗೆಗೆ ಇಳಿದು, ತುಂಬಿಸಿ, ಮೇಲೆ ಹತ್ತಿ ಬರಬೇಕು. ಎಷ್ಟು ಸಲ ಇಳಿದು ಹತ್ತಿರಬಹುದು ನೀವೇ ಲೆಕ್ಕ ಹಾಕಿ. ಗುರುತು ಪರಿಚಯ ಇಲ್ಲದ ಪ್ರಯಾಣಿಕನಿಗಾಗಿ, ಅವಸರ ಅವಸರವಾಗಿ. ಅಲ್ಲಿಯವರೆಗೆ ಆ ಸೇವಕ ಬಾಯಿ ಬಿಡದೆ ನೋಡುತ್ತಾ ನಿಂತಿದ್ದ. ಅವಳು ಸುಂದರಿ ಎಂದು ಪುಸ್ತಕ ಹೇಳುತ್ತದೆ, ಮುಚ್ಚಿಡುವುದಿಲ್ಲ. ಆದರೆ ಅವನು ಚೀಲ ಬಿಚ್ಚಿ ಬಂಗಾರ ತೆಗೆದದ್ದು ಕೊನೆಯ ಒಂಟೆ ಕುಡಿದು ಮುಗಿಸಿದ ಮೇಲೆ. ಒಳಗೆ ಮಾತುಕತೆ ಎಲ್ಲ ಆದ ಮೇಲೂ ಮನೆಯವರು, ಹುಡುಗಿಯನ್ನೇ ಕೇಳೋಣ ಎಂದು ಅವಳನ್ನು ಕರೆಯುತ್ತಾರೆ. "ಹೋಗುತ್ತೇನೆ" ಎಂದು ಅವಳೇ ಹೇಳುತ್ತಾಳೆ. ಎಷ್ಟೋ ಸಾವಿರ ವರ್ಷ ಹಿಂದಿನ ಕಥೆ. ನಮ್ಮ ಎಷ್ಟು ಮನೆಗಳಲ್ಲಿ ಇವತ್ತು ಹೀಗೆ ಕೇಳುತ್ತಾರೆ?

ನಿಮ್ಮ ಮಗಳು ನರ್ಸ್. ಗುರುತಿಲ್ಲದವರಿಗಾಗಿ ರಾತ್ರಿಯಿಡೀ ವಾರ್ಡಿನಲ್ಲಿ ಓಡಾಡುವ ಕೆಲಸ. ನಾಲ್ಕು ಕುಟುಂಬಗಳಲ್ಲಿ ಯಾರಾದರೂ ಒಬ್ಬರು ಅವಳ ಕೆಲಸದ ಬಗ್ಗೆ ಕೇಳಿದರಾ? ಸಂಬಳ ಎಷ್ಟು ಎಂದು ಕೇಳಿರುತ್ತಾರೆ, ನನಗೆ ಗೊತ್ತು. ಅದಲ್ಲ ನಾನು ಕೇಳುತ್ತಿರುವುದು.

ಹೊಸ ಒಡಂಬಡಿಕೆಯಲ್ಲಿರುವ ಯಾಕೋಬನ ಪತ್ರಿಕೆ, ಅಂದರೆ ಅವನ ಪತ್ರ, ಇನ್ನೂ ಖಾರ. ಎರಡನೇ ಅಧ್ಯಾಯದಲ್ಲಿ ಅವನು ಒಂದು ದೃಶ್ಯ ಕಟ್ಟುತ್ತಾನೆ. ಆರಾಧನೆ ನಡೆಯುವ ಕಡೆ ಇಬ್ಬರು ಬರುತ್ತಾರೆ. ಒಬ್ಬನ ಬೆರಳಲ್ಲಿ ಬಂಗಾರದ ಉಂಗುರ, ಮೈಮೇಲೆ ಮಿರಿಮಿರಿ ಬಟ್ಟೆ. ಇನ್ನೊಬ್ಬ ಬಡವ, ಕೊಳೆ ಬಟ್ಟೆ. ಮೊದಲನೆಯವನಿಗೆ 'ಬನ್ನಿ, ಇಲ್ಲಿ ಕೂತುಕೊಳ್ಳಿ'. ಎರಡನೆಯವನಿಗೆ 'ಅಲ್ಲೇ ನಿಂತಿರು, ಇಲ್ಲ ನನ್ನ ಕಾಲ ಹತ್ತಿರ ಕೂತುಕೋ'. ಯಾಕೋಬ ಇದಕ್ಕೆ ಬಳಸುವ ಗ್ರೀಕ್ ಪದದ ಬಿಡಿ ಅರ್ಥ 'ಮುಖವನ್ನು ಸ್ವೀಕರಿಸುವುದು'. ಪಕ್ಷಪಾತ ಎಂದು ಅನುವಾದ ಮಾಡುತ್ತಾರೆ, ಸರಿಯೇ. ಆದರೆ ಕನ್ನಡದಲ್ಲಿ ಇದಕ್ಕೆ ಅಳತೆ ಕೊಟ್ಟು ಹೊಲಿಸಿದಂಥ ಮಾತು ಇದೆ: ಮುಖ ನೋಡಿ ಮಣೆ ಹಾಕುವುದು. ಅಲ್ಲೂ ಮುಖ, ಅಲ್ಲೂ ಮಣೆ. ಯಾಕೋಬ ನಮ್ಮ ಊರಿಗೆ ಬಂದು ಹೋದನೇನೋ ಅನಿಸುತ್ತದೆ.

ಈ ಭಾಗ ಓದುವಾಗ ನನ್ನದೇ ಒಂದು ಕಥೆ ನೆನಪಾಗುತ್ತದೆ. ಸಭಾಪಾಲಕನಾಗಿ ಮೊದಲ ವರ್ಷ, ಧಾರವಾಡ ಕಡೆಯ ಒಂದು ಹಳ್ಳಿ. ಸುಗ್ಗಿ ಹಬ್ಬದ ಆರಾಧನೆಗೆ ಪಟ್ಟಣದಿಂದ ಅಧಿಕಾರಿಯೊಬ್ಬರ ಕುಟುಂಬ ಕಾರಿನಲ್ಲಿ ಬಂತು. ಮುಂದಿನ ಕುರ್ಚಿಯಲ್ಲಿ ತರಕಾರಿ ಮಾರುವ ಒಬ್ಬ ಅಜ್ಜಿ ಕೂತಿದ್ದರು. ಕಾಣಿಕೆಗೆಂದು ಹೀರೇಕಾಯಿ ತಂದು ಮಡಿಲಲ್ಲಿ ಇಟ್ಟುಕೊಂಡಿದ್ದರು. ನಾನೇ ಇಳಿದು ಹೋಗಿ, ನಗುನಗುತ್ತಾ, "ಅಜ್ಜಿ, ಸ್ವಲ್ಪ ಹಿಂದೆ ಜಮಖಾನೆ ಮೇಲೆ ಕೂಡ್ರಿ" ಎಂದೆ. ಅವರೂ ನಗುನಗುತ್ತಲೇ ಎದ್ದರು. ಆಮೇಲೆ ನಾನು ಆ ಊರಲ್ಲಿ ಇದ್ದ ಐದು ವರ್ಷವೂ ಅವರು ತಪ್ಪದೆ ಬಂದರು. ಒಂದು ದಿನವೂ ಮುಂದೆ ಕೂರಲಿಲ್ಲ. ಕುರ್ಚಿ ಖಾಲಿ ಇದ್ದರೂ ಇಲ್ಲ. ಯಾರೂ ನನ್ನನ್ನು ಬೈಯಲಿಲ್ಲ. ಆ ದಿನದ ಪ್ರಸಂಗ ಯಾವ ವಾಕ್ಯದ ಮೇಲಿತ್ತು ಎಂದು ನನಗೆ ನೆನಪಿಲ್ಲ. ಅಜ್ಜಿ ಎದ್ದು ಹೋದದ್ದು ಮಾತ್ರ ನೆನಪಿದೆ.

ಬೇತ್ಲೆಹೇಮಿನ ಕಥೆಯಲ್ಲೂ ಕೂರುವ ಮಾತು ಬರುತ್ತದೆ. ಏಳು ಗಂಡುಮಕ್ಕಳು ದಾಟಿ ಹೋದ ಮೇಲೆ, ಕುರಿ ಕಾಯಲು ಹೋದ ಕಿರಿಯವನೊಬ್ಬ ಉಳಿದಿದ್ದಾನೆ ಎಂದು ಇಷಯ ಹೇಳುತ್ತಾನೆ. ಅಪ್ಪನಿಗೇ ಅವನ ನೆನಪು ಬಂದಿರಲಿಲ್ಲ. ಸಮುವೇಲ ಹೇಳುತ್ತಾನೆ, ಅವನು ಬರುವ ತನಕ ನಾವು ಊಟಕ್ಕೆ ಕೂರುವುದಿಲ್ಲ. ಮುದುಕ ಅಷ್ಟು ಹೊತ್ತಿಗೆ ಪಾಠ ಕಲಿತಿದ್ದ.

ನಮ್ಮ ಸಭೆಗಳಲ್ಲಿ ಬಣ್ಣದ ಜೊತೆ ಇನ್ನೊಂದನ್ನೂ ಕೇಳುತ್ತಾರೆ, ಅದನ್ನು ಬಿಟ್ಟರೆ ಮಾತು ಅರ್ಧವಾಗುತ್ತದೆ. 'ಮೂಲ ಯಾವುದು?' ಅಜ್ಜನ ಕಾಲದಲ್ಲಿ ಯಾವ ಜಾತಿಯಿಂದ ಬಂದವರು ಎಂದು. ದೀಕ್ಷಾಸ್ನಾನ ಆಗಿ ನೂರು ವರ್ಷ ಆದರೂ ಮಧ್ಯಸ್ಥರ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇರುತ್ತದೆ. ಅದೂ ಮುಖ ನೋಡಿ ಹಾಕುವ ಮಣೆಯೇ.

ಇನ್ನು ಬಂಗಾರ. ನಿಮ್ಮ ಮಗಳಿಗೆ ಆ ಕೂಟದಲ್ಲಿ ತೋರಿಸಿರುವುದು ಪೇತ್ರನ ಮೊದಲನೆಯ ಪತ್ರಿಕೆಯ 3ನೇ ಅಧ್ಯಾಯ ಇರಬೇಕು. ಜಡೆ ಹೆಣೆಯುವುದು, ಬಂಗಾರ ಇಡುವುದು, ಉಡುಪು ಉಡುವುದು, ಇವು ನಿಮ್ಮ ಅಲಂಕಾರ ಆಗದಿರಲಿ. ಹೃದಯದ ಒಳಗೆ ಅಡಗಿರುವ ಮನುಷ್ಯನೇ ಅಲಂಕಾರವಾಗಿರಲಿ ಎಂಬ ಮಾತು. ಇದನ್ನು ಅಕ್ಷರಕ್ಕೆ ಅಕ್ಷರ ಕಟ್ಟಳೆ ಮಾಡಿದರೆ ಒಂದು ಫಜೀತಿ ಇದೆ. ಗ್ರೀಕ್ ಮೂಲದಲ್ಲಿ ಮೂರನೆಯದು ಸುಮ್ನೆ 'ಬಟ್ಟೆ ಉಡುವುದು', ಅಷ್ಟೇ. ಬೆಲೆಬಾಳುವ ಬಟ್ಟೆ ಎಂದಿಲ್ಲ. ಬಂಗಾರ ಪೂರ್ತಿ ನಿಷೇಧ ಅನ್ನುವವರು ಬಟ್ಟೆಯನ್ನೂ ಏನು ಮಾಡಬೇಕು ಎಂದು ಹೇಳಬೇಕಾಗುತ್ತದೆ. ಹೀಗಾಗಿ ಪೇತ್ರ ಹೇಳುತ್ತಿರುವುದು, ನಿನ್ನ ಬೆಲೆಯನ್ನು ಇವುಗಳ ಮೇಲೆ ನಿಲ್ಲಿಸಬೇಡ ಎಂದು. ಆ ಪತ್ರ ಹೋದದ್ದು ಇಂದಿನ ಟರ್ಕಿ ದೇಶದ ಊರುಗಳಿಗೆ, ಅದರಲ್ಲೂ ಗಂಡ ನಂಬಿಕೆಗೆ ಬಾರದ ಮನೆಗಳ ಹೆಂಗಸರಿಗೆ. ಅಲ್ಲಿ ಬರುವ 'ಸಾತ್ವಿಕ' ಎಂಬ ಗುಣವನ್ನು ಹೆಂಗಸರ ತಲೆಗೆ ಮಾತ್ರ ಕಟ್ಟುವವರಿಗೆ ಒಂದು ಮಾತು: ಮತ್ತಾಯ 11ರಲ್ಲಿ ಯೇಸು ಸ್ವಾಮಿ ತನ್ನ ಬಗ್ಗೆ ಹೇಳಿಕೊಳ್ಳುವಾಗ ಬರುವುದೂ ಅದೇ ಗ್ರೀಕ್ ಪದ.

ರೋಮ್ ಸಾಮ್ರಾಜ್ಯದಲ್ಲಿ ಆಗ ಒಡವೆ ಅಂದರೆ ಏನಾಗಿತ್ತು ಎಂದು ತಿಳಿದರೆ ಪೇತ್ರನ ಸಿಟ್ಟು ಅರ್ಥವಾಗುತ್ತದೆ. ಪ್ಲಿನಿ ಎಂಬ ರೋಮನ್ ಲೇಖಕ ಲೊಲ್ಲಿಯಾ ಪೌಲಿನಾ ಎಂಬ ಶ್ರೀಮಂತೆಯನ್ನು ಕಣ್ಣಾರೆ ಕಂಡಿದ್ದ. ಆಕೆ ಕಲಿಗುಲ ಚಕ್ರವರ್ತಿಯ ಹೆಂಡತಿಯಾಗಿದ್ದವಳು. ಯಾರದೋ ಸಾಧಾರಣ ನಿಶ್ಚಿತಾರ್ಥದ ಊಟಕ್ಕೆ ತಲೆ, ಕೂದಲು, ಕಿವಿ, ಕತ್ತು, ಬೆರಳು ಎಲ್ಲೆಲ್ಲೂ ಪಚ್ಚೆ, ಮುತ್ತು ಹೊತ್ತುಕೊಂಡು ಬಂದಿದ್ದಳಂತೆ. ಬೆಲೆ 4 ಕೋಟಿ ಸೆಸ್ಟರ್ಸ್. ಆಗ ರೋಮನ್ ಸೈನಿಕನ ವರ್ಷದ ಸಂಬಳ 900 ಸೆಸ್ಟರ್ಸ್. ಯಾರಾದರೂ ಅನುಮಾನ ಪಟ್ಟರೆ ತೋರಿಸಲು ಬಿಲ್ಲುಗಳೂ ಸಿದ್ಧ ಇದ್ದವು! ನಮ್ಮ ಕಡೆಯ ಮದುವೆಗಳಲ್ಲೂ ಬಿಲ್ಲು ತೋರಿಸುವುದಿಲ್ಲ ಅನ್ನುವುದು ಬಿಟ್ಟರೆ, ಎಷ್ಟು ತೊಲ ಎಂದು ಬಾಯಿಂದ ಬಾಯಿಗೆ ಹೋಗೇ ಹೋಗುತ್ತದೆ.

ಅತ್ತ ರೆಬೆಕ್ಕನಿಗೆ ಕೊಟ್ಟದ್ದು ಅರ್ಧ ಶೆಕೆಲ್ ತೂಕದ ಮೂಗುತಿ, ಹತ್ತು ಶೆಕೆಲ್ ತೂಕದ ಎರಡು ಬಳೆ. ನಮ್ಮ ಲೆಕ್ಕದಲ್ಲಿ ಮೂಗುತಿ ಐದೂವರೆ ಗ್ರಾಂ, ಬಳೆ 110 ಗ್ರಾಂ. ಕಡಿಮೆಯೇನಲ್ಲ. ಆ ಬಂಗಾರವನ್ನು ಬೈಬಲ್ ಎಲ್ಲೂ ಬೈಯುವುದಿಲ್ಲ. ಇನ್ನೊಂದು ಕಡೆ, ನಮ್ಮ ಬೀದರಿನ ಮೆಥೋಡಿಸ್ಟರಿಗೆ ಚೆನ್ನಾಗಿ ಗೊತ್ತಿರುವ, ಅವರ ಪಂಗಡದ ಮೂಲಪುರುಷ ಜಾನ್ ವೆಸ್ಲಿ 18ನೇ ಶತಮಾನದಲ್ಲಿ ಉಡುಪು ಒಡವೆಗಳ ವಿಷಯದಲ್ಲಿ ತುಂಬಾ ಕಟ್ಟುನಿಟ್ಟಾಗಿದ್ದರು. ಅವರ ಕಾರಣಗಳಲ್ಲಿ ಒಂದು ನನಗೆ ಇವತ್ತಿಗೂ ಚುಚ್ಚುತ್ತದೆ: ನಿನ್ನ ಮೈಮೇಲೆ ಹಾಕಿದ ದುಡ್ಡು ಬಟ್ಟೆಯಿಲ್ಲದ ಬಡವನಿಗೆ ಹೋಗಬಹುದಾಗಿದ್ದ ದುಡ್ಡು. ಬಂಗಾರ ಬಿಡುವುದಕ್ಕೆ ಇದು ಒಳ್ಳೆಯ ಕಾರಣ.

ನಿಮ್ಮ ಮಗಳು ಓಲೆ ತೆಗೆದಿಟ್ಟದ್ದಕ್ಕೆ ಅವಳ ಜೊತೆ ಜಗಳ ಆಡಬೇಡಿ. ನನಗೆ ಅನಿಸುವುದು, ಆ ಕೂಟದಲ್ಲಿ ಅವಳಿಗೆ ಮೊದಲ ಸಲ ಯಾರೂ ತನ್ನನ್ನು ತೂಗುತ್ತಿಲ್ಲ ಎಂಬ ನೆಮ್ಮದಿ ಸಿಕ್ಕಿದೆ. ಎರಡು ವರ್ಷ ಮಾರುಕಟ್ಟೆಯಲ್ಲಿ ನಿಲ್ಲಿಸಿದ ಹಾಗಾಗಿದ್ದ ಹುಡುಗಿ. ಅವಳಿಗೆ ಅದು ಬೇಕಿತ್ತು. ಆದರೆ ನಿಮ್ಮ ಬಳೆ ತೆಗೆಸುವುದು ಬೇರೆ ಮಾತು. ಮತ್ತಾಯ 6ರಲ್ಲಿ ಯೇಸು ಸ್ವಾಮಿ ಉಪವಾಸ ಮಾಡುವವರಿಗೆ ಹೇಳಿದ್ದನ್ನು ಅವಳ ಜೊತೆ ಕೂತು ಓದಿ. ಮುಖ ಸೊರಗಿಸಿಕೊಂಡು ತಿರುಗಬೇಡಿ, ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಳ್ಳಿ. ಭಕ್ತಿಯನ್ನು ಮುಖದ ಮೇಲೆ ಬರೆದುಕೊಂಡು ಓಡಾಡುವುದೂ ಆತನ ಲೆಕ್ಕದಲ್ಲಿ ಶೃಂಗಾರವೇ. ಬೋಳು ಕಿವಿಯನ್ನು ನೋಡಿ ವಿಶ್ವಾಸಿಯೋ ಅಲ್ಲವೋ ಎಂದು ತೀರ್ಮಾನ ಮಾಡುವವರೂ ಕೊನೆಗೆ ನೋಡಿದ್ದು ಕಿವಿಯನ್ನೇ ತಾನೇ? ಇದನ್ನು ಅವಳಿಗೆ ಚುಚ್ಚಿ ಹೇಳಬೇಡಿ. ಓದಿ ಬಿಡಿ ಸಾಕು. ಬುದ್ಧಿವಂತೆ, ಅವಳೇ ಹಿಡಿಯುತ್ತಾಳೆ.

ಕೊನೆಗೆ ಬಣ್ಣ. ಒಳಗಿನ ಗುಣದ ಮಾತಾಡುತ್ತಾ ನಾವು ಕಪ್ಪು ಅಂದರೆ ಕೊರತೆ ಎಂದು ಸುಮ್ಮನೆ ಒಪ್ಪಿಕೊಂಡು ಬಿಡುತ್ತೇವೆ. ನಿಮ್ಮ ಮಗಳಿಗೆ ನೋವಾದದ್ದು ಅಲ್ಲೇ. ಬೈಬಲಿನ ಪ್ರೇಮಗೀತೆಗಳ ಪುಸ್ತಕ ಪರಮಗೀತೆಯ ಮೊದಲ ಅಧ್ಯಾಯದಲ್ಲಿ ಒಬ್ಬ ಹುಡುಗಿ ಮಾತಾಡುತ್ತಾಳೆ. ಹೀಬ್ರೂವಿನಲ್ಲಿ ಅವಳು ಹೇಳುವುದು, 'ನಾನು ಕಪ್ಪು', ಆಮೇಲೆ ಒಂದೇ ಅಕ್ಷರದ 'ವ', ಆಮೇಲೆ 'ಚೆಲುವೆ'. ಆ 'ವ' ಅಕ್ಷರವನ್ನು 'ಮತ್ತು' ಎಂದೂ ಓದಬಹುದು, 'ಆದರೆ' ಎಂದೂ ಓದಬಹುದು. ಗ್ರೀಕ್ ಅನುವಾದ 'ಮತ್ತು' ಎಂದಿತು. ವಲ್ಗೇಟ್ ಎಂಬ ಹಳೆಯ ಲ್ಯಾಟಿನ್ ಅನುವಾದ 'ಆದರೆ' ಎಂದಿತು. ಆ ಒಂದು 'ಆದರೆ' ಸಾವಿರಕ್ಕೂ ಹೆಚ್ಚು ವರ್ಷ ಪ್ರಸಂಗಗಳಲ್ಲಿ ಓಡಾಡಿತು. ಕೇದಾರ್ ಎಂಬ ಮರುಭೂಮಿಯ ಅಲೆಮಾರಿ ಕುಲದವರ ಗುಡಾರಗಳ ಹಾಗೆ ಕಪ್ಪು ಎಂದು ಅವಳೇ ಹೋಲಿಸಿಕೊಳ್ಳುತ್ತಾಳೆ, ಆಡುಕೂದಲಿನಿಂದ ನೇಯ್ದ ಕರಿ ಗುಡಾರಗಳು. ನನ್ನನ್ನು ಹಾಗೆ ದಿಟ್ಟಿಸಿ ನೋಡಬೇಡಿ, ಅಣ್ಣಂದಿರು ದ್ರಾಕ್ಷಿತೋಟ ಕಾಯಲು ಹಾಕಿದರು, ಬಿಸಿಲು ಬಡಿಯಿತು ಅನ್ನುತ್ತಾಳೆ. ದುಡಿದ ಮೈ. ನಾನಂತೂ ಅದನ್ನು 'ಮತ್ತು' ಎಂದೇ ಓದುತ್ತೇನೆ. ಕಪ್ಪು, ಚೆಲುವೆ.

ನಮ್ಮ ಮನೆಗಳ ಗೋಡೆ ಮೇಲಿನ ಯೇಸು ಸ್ವಾಮಿಯ ಚಿತ್ರವೂ ಇದರಲ್ಲಿ ಪಾಲುದಾರ. 1940ರಲ್ಲಿ ಅಮೆರಿಕದ ವಾರ್ನರ್ ಸಾಲ್ಮನ್ ಬರೆದ ಬೆಳ್ಳನೆಯ ಮುಖ ಕೋಟಿಗಟ್ಟಲೆ ಅಚ್ಚಾಗಿ ಜಗತ್ತೆಲ್ಲ ಹರಡಿತು. ನಾಲ್ಕು ಸುವಾರ್ತೆಗಳನ್ನು ತಿರುವಿ ಹಾಕಿ. ಆತನ ಎತ್ತರ, ಮೈಬಣ್ಣ, ಮೂಗು, ಕೂದಲು, ಒಂದರ ಬಗ್ಗೆಯೂ ಒಂದು ಸಾಲಿಲ್ಲ. ಜೊತೆಗಿದ್ದು ಉಂಡವರಿಗೆ ಅದು ಬರೆಯಬೇಕಾದ ವಿಷಯ ಅನಿಸಲೇ ಇಲ್ಲ. ಬೆಂಗಳೂರಿನ ಹತ್ತಿರ ಸಿಲ್ವೆಪುರದಲ್ಲಿ ನೆಲೆಸಿದ ಕಲಾವಿದ ಜ್ಯೋತಿ ಸಾಹಿ ಅವರು ದಶಕಗಳಿಂದ ಕ್ರಿಸ್ತನನ್ನು ನಮ್ಮ ನೆಲದ ರೂಪಗಳಲ್ಲಿ ಬರೆದಿದ್ದಾರೆ. ಅಂಥ ಒಂದು ಚಿತ್ರ ನಿಮ್ಮ ಹಾಲ್‌ನಲ್ಲಿ ಇದ್ದಿದ್ದರೆ, ಬಂದ ನಾಲ್ಕು ಕುಟುಂಬಗಳು ಸ್ವಲ್ಪ ಹೊತ್ತು ಅದನ್ನು ನೋಡುತ್ತಾ ಕೂರಬೇಕಾಗುತ್ತಿತ್ತು.

ನೀವು ಎಲ್ಲಿ ತಪ್ಪಿದೆ ಎಂದು ಕೇಳಿದಿರಿ. ವಾಕ್ಯಕ್ಕಿಂತ ಮೊದಲು ಆ ಫೋಟೊ ಇತ್ತು. ಬಂದವರು ಬಾಯಿಬಿಟ್ಟು ಹೇಳದ ಮಾತನ್ನು ಅದು ಅವಳ ಸ್ವಂತ ಅಮ್ಮನ ಕಡೆಯಿಂದ ಹೇಳಿತು. ನೀವು ಮಾಡಿಸಿದ್ದು ಪ್ರೀತಿಯಿಂದಲೇ, ಹೆದರಿಕೆಯಿಂದಲೇ. ಅದು ನನಗೆ ಅರ್ಥವಾಗುತ್ತದೆ, ಅವಳಿಗೂ ಅರ್ಥವಾಗಬಹುದು. ಆದರೆ ಕ್ಷಮೆ ಕೇಳುವಾಗ ವಾಕ್ಯ ಗೀಕ್ಯ ಏನೂ ಹೇಳಬೇಡಿ. "ಆ ಫೋಟೊ ಮಾಡಿಸಬಾರದಿತ್ತು" ಎಂದಷ್ಟೇ ಹೇಳಿ. ಮಧ್ಯಸ್ಥರಿಗೆ ಫೋನ್ ಮಾಡಿ ಅದನ್ನು ವಾಪಸ್ ತರಿಸಿ. ಬೇರೆ ಕೊಡಬೇಕೋ ಬೇಡವೋ, ಈ ವರ್ಷ ಯಾರನ್ನಾದರೂ ಕರೆಯಬೇಕೋ ಬೇಡವೋ, ಅವಳನ್ನೇ ಕೇಳಿ. ಕರೆಯೋಣ ಅಂದರೆ, ಹುಡುಗನ ಕಡೆಯವರಿಗೆ ಹೇಳಿ ಕಳಿಸಿ: ನೈಟ್ ಡ್ಯೂಟಿ ಮುಗಿಸಿ ಅವಳು ಮನೆಗೆ ಬರುವ ಹೊತ್ತಿಗೆ ಬನ್ನಿ, ಚಹಾ ಈ ಸಲ ಹುಡುಗನೇ ಮಾಡಲಿ.